ಹಿತ್ತಲಿನ ಹುಲ್ಲುಹಾಸು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಾಡಿದವರಿಗೆ ಗಿಡದ ಮೇಲಿದ್ದ ಅನಾದರಕ್ಕಿಂತ ಹಿತ್ತಲಿನ ಮೇಲಿದ್ದ ಅನಾದರವೇ ಹೆಚ್ಚಿತ್ತೆಂದು ನನ್ನ ಊಹೆ. ನಮ್ಮ ಮನೆಗಳಲ್ಲಿ ಮರ್ಯಾದೆಯೆಲ್ಲ ಮುಂಬಾಗಿಲಿಗೆ ಮೀಸಲು. ಸಾರಣೆ, ರಂಗೋಲಿ, ತೋರಣ, ಬಂದವರ ಕಾಲಿಗೆ ನೀರು, ಎಲ್ಲವೂ ಅಲ್ಲಿಯೇ. ಹಿತ್ತಲೆಂದರೆ ಬಚ್ಚಲ ನೀರು ಹರಿದುಹೋಗುವ ಕಡೆ. ಎಮ್ಮೆ ಕಟ್ಟುವ, ಕುಳ್ಳು ಒಟ್ಟುವ, ಮುಸುರೆ ತಿಕ್ಕುವ, ಸೊಸೆಯಂದಿರು ಅತ್ತೆಯ ಕಣ್ಣು ತಪ್ಪಿಸಿ ಎರಡು ಮಾತು ಆಡಿಕೊಳ್ಳುವ ಜಾಗ. ಅಲ್ಲಿ ಬೆಳೆದದ್ದೆಲ್ಲ ತಾನಾಗಿ ಬೆಳೆದದ್ದು: ಒಂದು ನುಗ್ಗೆ, ಒಂದು ಕರಿಬೇವು, ಮಾಳಿಗೆಗೆ ಹಬ್ಬಿದ ಒಂದು ಕುಂಬಳ ಬಳ್ಳಿ, ಯಾರೋ ತಿಂದು ಉಗುಳಿದ ಬೀಜದಿಂದ ಎದ್ದ ಸೀತಾಫಲದ ಗಿಡ.

ಈಚೆಗೆ ಈ ಹಿತ್ತಲಿಗೆ ಯೋಗ ತಿರುಗಿದೆ. ಸೈಟು ತುಸು ದೊಡ್ಡದಾಗಿದ್ದು ಮನೆ ಹೊಸದಾಗಿದ್ದರೆ, ಹಿಂದುಗಡೆಯ ನೆಲವನ್ನು ಸಮಮಾಡಿಸಿ, ಹಸಿರು ಹುಲ್ಲಿನ ಹಾಸು ಹಾಕಿಸಿ, ಅದರ ಮೇಲೆ ಮನೆಮಂದಿಯೆಲ್ಲ ಸಂಜೆ ಸೇರಿ ಆಡಿ ನಲಿಯಬೇಕೆಂಬ ಆಸೆ ನಮ್ಮ ಮಧ್ಯಮವರ್ಗದವರಲ್ಲಿ ಹುಟ್ಟಿದೆ. ಬೆಂಗಳೂರು ಮೈಸೂರುಗಳಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಬೀದರ ಜಿಲ್ಲೆಯ ಹಳ್ಳಿಗಳ ತನಕ ಅದು ಬಂದಿರುವುದನ್ನು ಕಂಡಮೇಲೆ, ನಗುವುದಕ್ಕಿಂತ ಮೊದಲು ಅದನ್ನು ಕುರಿತು ಯೋಚಿಸಬೇಕೆಂದು ನನಗೆ ತೋರಿತು. ಒಂದು ಮನೆಯವರು ತಮ್ಮ ನೆಲವನ್ನು, ನೀರನ್ನು, ಬೇರೆಯವರ ದುಡಿಮೆಯನ್ನು ಬರಿಯ ಸಂತೋಷಕ್ಕಾಗಿ ವೆಚ್ಚಮಾಡುವುದು ಎಷ್ಟರಮಟ್ಟಿಗೆ ಸರಿ? ಪ್ರಶ್ನೆ ಹುಲ್ಲಿನಷ್ಟು ಹಗುರವಾಗಿ ಕಾಣುತ್ತದೆ. ಕೀಳಹೋದರೆ ಬೇರು ಆಳಕ್ಕೆ ಇಳಿದಿರುವುದು ಗೊತ್ತಾಗುತ್ತದೆ.

ಮೊದಲು ಹುಲ್ಲಿನ ವಿಷಯ. ನಮ್ಮ ಸೀಮೆಯ ಒಕ್ಕಲಿಗನಿಗೆ ಕರಿಕೆಯಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಎರೆಹೊಲಕ್ಕೆ ಒಮ್ಮೆ ಕರಿಕೆ ಹೊಕ್ಕಿತೆಂದರೆ ಕುಂಟೆಗೂ ಜಗ್ಗದು, ಕುರುಚಿಗಿಗೂ ಜಗ್ಗದು. ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೂ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಅದೇ ಕರಿಕೆ ಭಾದ್ರಪದದ ಚೌತಿಗೆ ಗಣಪತಿಯ ತಲೆಯ ಮೇಲೆ ಏರುತ್ತದೆ. ಹೊಲದಲ್ಲಿ ಶಾಪ, ಗುಡಿಯಲ್ಲಿ ಪೂಜೆ, ಕೊಟ್ಟಿಗೆಯಲ್ಲಿ ಮೇವು—ಹುಲ್ಲಿಗೆ ನಮ್ಮಲ್ಲಿ ಇದ್ದ ಸ್ಥಾನಗಳು ಈ ಮೂರೇ. ಈಗ ನಾಲ್ಕನೆಯದೊಂದು ಒದಗಿದೆ. ನರ್ಸರಿಯವರು ಚಾಪೆಯ ಹಾಗೆ ಸುರುಳಿ ಸುತ್ತಿ ಮಾರುವ ಹುಲ್ಲುಗಳಲ್ಲಿ ಬರ್ಮುಡಾ ಎಂಬುದೂ ಒಂದು. ಕ್ರಿಕೆಟ್ ಮೈದಾನಗಳಲ್ಲಿಯೂ ಅದನ್ನು ಬೆಳೆಸುತ್ತಾರೆ. ಸಸ್ಯಶಾಸ್ತ್ರದ ಪುಸ್ತಕ ತೆಗೆದು ನೋಡಿದರೆ ಬರ್ಮುಡಾ ಹುಲ್ಲೂ ನಮ್ಮ ಕರಿಕೆಯೂ ಒಂದೇ ಜಾತಿ. ಅಪ್ಪ ಹೊಲದಿಂದ ಕಿತ್ತು ಬದುವಿಗೆ ಎಸೆದದ್ದನ್ನು ಮಗ ಹಣ ಕೊಟ್ಟು ಕೊಂಡುತಂದು ಹಿತ್ತಲಲ್ಲಿ ಹಾಸುತ್ತಿದ್ದಾನೆ. ನಾಗರಿಕತೆಯ ಕಥೆಯೆಲ್ಲ ಇಷ್ಟೇ ಇರಬಹುದೆ ಎಂದು ಒಮ್ಮೊಮ್ಮೆ ನನಗನ್ನಿಸುತ್ತದೆ.

ನನ್ನ ಅಕ್ಕನನ್ನು ಕೊಟ್ಟದ್ದು ರಾಜೇಶ್ವರಕ್ಕೆ. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ, ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರು ಅದು. ಭಾವನವರು ನೌಕರಿಯಿಂದ ನಿವೃತ್ತರಾದ ಮೇಲೆ ಹಳೆಯ ಮಣ್ಣಿನ ಮಾಳಿಗೆಯ ಮನೆಯನ್ನು ತೆಗೆಸಿ ಆರ್.ಸಿ.ಸಿ. ಮನೆ ಕಟ್ಟಿಸಿದರು. ಎಮ್ಮೆ ಹೋಯಿತು, ಕಣಕಿಯ ಬಣವೆ ಹೋಯಿತು, ಹಿತ್ತಲು ಬರಿದಾಯಿತು. ಒಬ್ಬ ಮಗ ಪುಣೆಯಲ್ಲಿ, ಮಗಳು ಹೈದರಾಬಾದಿನಲ್ಲಿ. ಮೊಮ್ಮಕ್ಕಳು ದೀಪಾವಳಿಗೆ, ಬೇಸಗೆಯ ರಜೆಗೆ ಬರುತ್ತಾರೆ. ಬಂದು ಪಡಸಾಲೆಯಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಮೊಬೈಲು ನೋಡುತ್ತ ಕೂರುತ್ತಾರೆ. ಭಾವನವರಿಗೆ ಇದು ಸಹಿಸದು. ಹಾಗೆಂದು ಗದರಿಸುವ ಸ್ವಭಾವವೂ ಅವರದಲ್ಲ. ವಿಚಿತ್ರವೆಂದರೆ, ಮಕ್ಕಳನ್ನು ಮೊಬೈಲಿನಿಂದ ಎಬ್ಬಿಸುವ ಉಪಾಯವನ್ನು ಅವರು ಹುಡುಕಿದ್ದೂ ಮೊಬೈಲಿನಲ್ಲಿಯೇ. ಅಮೆರಿಕದವರು ತಮ್ಮ ಹಿತ್ತಲ ಹುಲ್ಲಿನಲ್ಲಿ ಏನೇನು ಮಾಡುತ್ತಾರೆಂಬ ಚಿತ್ರಗಳನ್ನೆಲ್ಲ ನೋಡಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದರು. ಹುಲ್ಲನ್ನು ಒಂದು ಸಾಲು ಗಿಡ್ಡ, ಒಂದು ಸಾಲು ಉದ್ದ ಕತ್ತರಿಸಿ ಚಕ್ರವ್ಯೂಹ ಮಾಡುವುದು. ಕಲ್ಲುಹಾಸನ್ನೂ ಹುಲ್ಲನ್ನೂ ಚೌಕ ಚೌಕ ಕೂಡಿಸಿ ಮಂಡಿಯೆತ್ತರದ ಕಾಯಿಗಳಿಂದ ಚದುರಂಗ ಆಡುವುದು. ಡಬ್ಬಿಗಳನ್ನು ನೆಲದಲ್ಲಿ ಹೂತು ಚೆಂಡು ಉರುಳಿಸುವುದು. ಗೋಡೆಗೆ ಬಿಳಿಯ ಚಾದರ ಕಟ್ಟಿ, ಹುಲ್ಲಿನ ಮೇಲೆ ಮಲಗಿ ರಾತ್ರಿ ಸಿನಿಮಾ ನೋಡುವುದು. ಹೋದ ಚೈತ್ರದಲ್ಲಿ ನಾನು ಹೋದಾಗ ಆ ನೋಟುಬುಕ್ಕನ್ನು ನನಗೂ ತೋರಿಸಿದರು. ಪರೀಕ್ಷೆಯ ಉತ್ತರಪತ್ರಿಕೆ ನೋಡಿ ನೋಡಿ ಬೇಸತ್ತ ಕಣ್ಣಿಗೆ ಅಷ್ಟು ಶ್ರದ್ಧೆಯಿಂದ ಬರೆದ ಪುಟಗಳನ್ನು ಕಂಡು ಹಿತವಾಯಿತೆಂದೇ ಹೇಳಬೇಕು.

ಅಕ್ಕನ ಅತ್ತೆಗೆ ಮಾತ್ರ ಇದೊಂದೂ ತಲೆಗೆ ಹತ್ತಲಿಲ್ಲ. ಎಂಬತ್ತು ದಾಟಿದ ಮುದುಕಿ. ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದವಳು ಕೊನೆಗೆ ಕೇಳಿದಳು:

“ಹುಲ್ಲು ಹಚ್ಚತಿ, ಖರೆ. ಮೇಯಾಕ ಏನ್ ತರತಿ?”

“ಮೇಯಾಕ ಅಲ್ಲವ್ವ, ಆಡಾಕ.”

“ಆಡಾಕ ನೆಲ ಸಾಕಾಗಂಗಿಲ್ಲೇನು? ನೀ ಹ್ಯಾಂಗ ಆಡಿ ಬೆಳದಿ?”

ಭಾವನವರು ನನ್ನ ಮುಖ ನೋಡಿದರು. “ನೀವರ ಹೇಳ್ರಿ ಮಾಸ್ತರರ,” ಎಂದರು. ನಾನು ಆಗ ಏನೋ ಹೇಳಿ ಜಾರಿಕೊಂಡೆ. ಆದರೆ ಆ ಮುದುಕಿಯ ಪ್ರಶ್ನೆಗಳೆರಡೂ ನನ್ನ ಜೊತೆ ಬಸ್ಸು ಹತ್ತಿದವು.

ಮೇಯುವುದಕ್ಕಲ್ಲದ ಹುಲ್ಲು ಎಂಬ ಕಲ್ಪನೆಯೇ ಲೋಕಕ್ಕೆ ತೀರ ಹಳೆಯದಲ್ಲ. ಯುರೋಪಿನ ಶ್ರೀಮಂತರ ಹುಲ್ಲುಹಾಸುಗಳನ್ನು ಕುರಿಗಳು ಮೇಯ್ದು ಗಿಡ್ಡಮಾಡುತ್ತಿದ್ದವು, ಇಲ್ಲವೆ ಆಳುಗಳು ಕುಡುಗೋಲು ಹಿಡಿದು ಕೊಯ್ಯುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಇಂಗ್ಲಿಷ್ ಯಂತ್ರಗಾರ, ಗಿರಣಿಯಲ್ಲಿ ಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಯಂತ್ರವನ್ನು ನೋಡಿ, ಅದೇ ರೀತಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಮಾಡಿ ಪೇಟೆಂಟ್ ಪಡೆದ. ಆಮೇಲೆ ಸಾಮಾನ್ಯ ಗೃಹಸ್ಥನಿಗೂ ಹುಲ್ಲುಹಾಸು ಕೈಗೆಟುಕಿತು. 1899ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ ವಿರಾಮವರ್ಗವನ್ನು ಕುರಿತು ಬರೆದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಹುಲ್ಲನ್ನೂ ಬಿಡಲಿಲ್ಲ. ಅವನು ಹೇಳುವ ಮಾತಿನ ಸಾರವಿದು: ಹುಲ್ಲುಹಾಸಿನ ಮೇಲೆ ನಿಜವಾಗಿ ಒಪ್ಪುವ ಪ್ರಾಣಿ ಆಕಳು; ಆದರೆ ಆಕಳನ್ನು ಬಿಟ್ಟರೆ ಲಾಭದ ವಾಸನೆ ಬರುತ್ತದೆ, ಆದ್ದರಿಂದ ದೊಡ್ಡವರು ಆಕಳನ್ನು ಹೊರಗಿಟ್ಟು, ಬೇಕಾದರೆ ಉಪಯೋಗವಿಲ್ಲದ ಜಿಂಕೆಯನ್ನು ಬಿಡುತ್ತಾರೆ. ರಾಜೇಶ್ವರದ ಮುದುಕಿ ಕಟ್ಟೆಯ ಮೇಲೆ ಕೂತು ಕೇಳಿದ ಮೊದಲನೆಯ ಪ್ರಶ್ನೆ ಇದೇ ಅಲ್ಲವೆ? ಮೇಯಾಕ ಏನ್ ತರತಿ?

ವೆಬ್ಲೆನ್ನನ ಮಾತಿನಲ್ಲಿ ಹುರುಳಿದೆ. ಎಷ್ಟೋ ಹುಲ್ಲುಹಾಸುಗಳು ನೋಡುವುದಕ್ಕೆ ಮಾತ್ರ ಇರುತ್ತವೆ. ಸರ್ಕಾರಿ ಕಚೇರಿಗಳ ಮುಂದೆ ಹುಲ್ಲಿರುವಲ್ಲೆಲ್ಲ, ಅದನ್ನು ತುಳಿಯಬಾರದೆಂಬ ಹಲಗೆಯೂ ಇರುತ್ತದೆ. ಕಾಲಿಗೆ ಮೆತ್ತಗಿರಲೆಂದೇ ಭೂಮಿಯ ಮೇಲೆ ಹಬ್ಬಿದ ವಸ್ತುವನ್ನು ಕಾಲಿಗೆ ನಿಷೇಧಿಸಿ ಕಣ್ಣಿಗೆ ಒಪ್ಪಿಸುವುದು ಒಂದು ಬಗೆಯ ದರ್ಪ. ಆದರೆ ಭಾವನವರ ನೋಟುಬುಕ್ಕಿನಲ್ಲಿ ಇದ್ದದ್ದು ಈ ದರ್ಪವಲ್ಲ. ಅವರಿಗೆ ಬೇಕಾದದ್ದು ತುಳಿಯುವ ಹುಲ್ಲು, ಉರುಳಾಡುವ ಹುಲ್ಲು, ಸವೆದು ಬೋಳಾಗುವ ಹುಲ್ಲು. ವೆಬ್ಲೆನ್ನನ ಚಾಟಿ ಅವರ ಬೆನ್ನಿಗೆ ತಾಗುವುದಿಲ್ಲ. ಹಾಗಾದರೆ ಅವರಿಗೆ ಯಾವ ಆಕ್ಷೇಪಣೆ ತಾಗೀತು?

ಇದನ್ನು ಪಾಶ್ಚಾತ್ಯರ ಅನುಕರಣವೆಂದು ತಳ್ಳಿಹಾಕುವುದು ನಮ್ಮಲ್ಲಿ ಬಹಳ ಸುಲಭವಾದ ಆಕ್ಷೇಪಣೆ. ರಾಜೇಶ್ವರದಲ್ಲಿ ನಿಂತು ಆ ಮಾತನ್ನು ಆಡುವವರು ಬಸವಕಲ್ಯಾಣದ ಕಡೆಗೊಮ್ಮೆ ತಿರುಗಿ ನೋಡುವುದು ಒಳ್ಳೆಯದು. ಚಾಲುಕ್ಯರ ರಾಜಧಾನಿಯಾಗಿದ್ದ ಆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಪಡೆಯುವುದರಿಂದ ಮೊದಲಾಗಿ ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳವರೆಗೆ ಅದರಲ್ಲಿ ಇಲ್ಲದ ವಿಷಯ ಕಡಮೆ. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಮೂರು ಸಂಪುಟಗಳಾಗಿ ಅಚ್ಚಾಗಿದೆ. ಕೊನೆಯದು ಕ್ರೀಡಾವಿಂಶತಿ. ಅಲ್ಲಿ ಅರಸನು ಆಡಬಹುದಾದ ಆಟಗಳು ಸಾಲಾಗಿ ಬರುತ್ತವೆ: ಕೃತಕವಾಗಿ ಕಟ್ಟಿದ ಬೆಟ್ಟದ ಮೇಲೆ ಭೂಧರಕ್ರೀಡೆ, ತೋಪಿನಲ್ಲಿ ವನಕ್ರೀಡೆ, ಉಯ್ಯಾಲೆಯ ಆಂದೋಲನಕ್ರೀಡೆ, ನೀರೆರಚುವ ಸೇಚನಕ್ರೀಡೆ, ನೀರಿಗಿಳಿದು ಆಡುವ ತೋಯಕ್ರೀಡೆ, ಅನಂತರ ಶಾದ್ವಲಕ್ರೀಡೆ. ಶಾದ್ವಲವೆಂದರೆ ಹಸಿರು ಹುಲ್ಲಿನ ನೆಲ. ಎಂಟುನೂರ ತೊಂಬತ್ತು ವರ್ಷಗಳಿಗೂ ಹಿಂದೆ, ಭಾವನವರ ಹಿತ್ತಲಿನಿಂದ ಒಂದು ಗಳಿಗೆಯ ಬಸ್ಸಿನ ಹಾದಿಯಲ್ಲಿ, ಒಬ್ಬ ಅರಸ ಹುಲ್ಲಿನ ಮೇಲೆ ಆಡುವುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದ. ಶಾದ್ವಲದ ಹಿಂದೆಯೇ ಮರಳಿನ ವಾಲುಕಾಕ್ರೀಡೆ, ಬೆಳದಿಂಗಳ ಜ್ಯೋತ್ಸ್ನಾಕ್ರೀಡೆ, ಪೈರಿನ ಹೊಲದಲ್ಲಿ ಸಸ್ಯಕ್ರೀಡೆ ಬರುತ್ತವೆ. ಒಗಟು, ಚದುರಂಗ, ಪಗಡೆ, ಕವಡೆಗಳೂ ಇವೆ. ಭಾವನವರ ಚದುರಂಗದ ಚೌಕಗಳು ಅಮೆರಿಕದಿಂದ ಬಂದವು ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಕನ್ನಡದ ಅಧ್ಯಾಪಕನಿಗೆ ಹಳೆಯ ಹೆಸರೊಂದು ಸಿಕ್ಕರೆ ವಾದ ಗೆದ್ದಷ್ಟು ಸಂತೋಷ. ಆದರೆ ಹಳೆಯದೆಂಬ ಕಾರಣಕ್ಕೆ ಯಾವುದೂ ನ್ಯಾಯವಾಗುವುದಿಲ್ಲವಷ್ಟೆ. ಆ ಪಟ್ಟಿಯನ್ನು ಮತ್ತೆ ಮತ್ತೆ ಓದಿದಾಗ ನನಗೊಂದು ವಿಶೇಷ ಕಂಡಿತು. ಅರಸನ ಆಟಗಳಲ್ಲಿ ಬಹುಪಾಲು ನಮ್ಮ ಜನರ ಕೈಗೂ ಬಂದಿವೆ, ಹಬ್ಬದ ರೂಪದಲ್ಲಿ ಬಂದಿವೆ. ಆಂದೋಲನ ಪಂಚಮಿಯ ಜೋಕಾಲಿಯಲ್ಲಿದೆ. ಸೇಚನ ಹೋಳಿಯ ಓಕುಳಿಯಲ್ಲಿದೆ. ಜ್ಯೋತ್ಸ್ನೆ ಬೆಳದಿಂಗಳೂಟದಲ್ಲಿದೆ. ಒಗಟು, ಕವಡೆ, ಪಗಡೆಗಳಿಗಂತೂ ಯಾವ ಅರಸನ ಅಪ್ಪಣೆಯೂ ಬೇಕಿರಲಿಲ್ಲ. ಸಸ್ಯಕ್ರೀಡೆಯೋ, ಬೀದರ ಕಲಬುರಗಿ ಲಾತೂರುಗಳ ಕಡೆಯವರು ಎಳ್ಳಮಾವಾಸ್ಯೆಯ ದಿನ ಅದನ್ನು ಊರಿಗೆ ಊರೇ ಆಡುತ್ತಾರೆ. ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲಕ್ಕೆ ಚರಗ ಚೆಲ್ಲಿ, ಭಜ್ಜಿ ಅಂಬಲಿಗಳ ಊಟಮಾಡಿ, ಬೇವಿನ ಮರಕ್ಕೆ ಹಗ್ಗ ಕಟ್ಟಿ ಜೀಕಿ, ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಾರೆ. ಹೊಲವಿಲ್ಲದವರನ್ನೂ ಹೊಲವಿದ್ದವರು ಊಟಕ್ಕೆ ಕರೆಯುತ್ತಾರೆ. ಆ ದಿನ ಊರೊಳಗೆ ಕಾಲಿಟ್ಟರೆ ಬೀದಿಗಳು ಬಿಕೋ ಎನ್ನುತ್ತವೆ. ಮನೆಮಂದಿಯೆಲ್ಲ ಕೂಡಿ ನೆಲದ ಮೇಲೆ ಆಡುವ ಸಂತೋಷವನ್ನು ನಮ್ಮವರು ಅರಿಯರೆಂದು ಹೇಳುವವರು ಒಮ್ಮೆ ಪುಷ್ಯದ ಮುಂಚಿನ ಆ ಅಮಾವಾಸ್ಯೆಗೆ ಬರಬೇಕು.

ಹುಲ್ಲಿಗೆ ಮಾತ್ರ, ನಾನು ಬಲ್ಲಮಟ್ಟಿಗೆ, ಇಂಥ ಹಬ್ಬವಿಲ್ಲ. ನೀರು, ಮರಳು, ಬೆಳದಿಂಗಳು, ಪೈರು ಎಲ್ಲವನ್ನೂ ಅರಮನೆಯಿಂದ ಅಂಗಳಕ್ಕೆ ಇಳಿಸಿಕೊಂಡ ಜನ ಶಾದ್ವಲವನ್ನು ಮಾತ್ರ ಅಲ್ಲಿಯೇ ಬಿಟ್ಟರು. ಏಕೆ? ಬೆಳದಿಂಗಳಿಗೆ ಖರ್ಚಿಲ್ಲ, ಪೈರು ಹೇಗೂ ಬೆಳೆದಿರುತ್ತದೆ, ಜೋಕಾಲಿಗೆ ಹಗ್ಗ ಒಂದಿದ್ದರೆ ಸಾಕು. ಆಟಕ್ಕೆಂದೇ ಹುಲ್ಲು ಬೆಳೆಸಬೇಕಾದರೆ ಅದಕ್ಕೆ ನೀರು ಬೇಕು, ಕೊಯ್ಯುವ ಕೈ ಬೇಕು, ದನ ನುಗ್ಗದಂತೆ ಬೇಲಿ ಬೇಕು. ಈ ಮೂರರ ವಿಷಯವಾಗಿ ನಮ್ಮ ಹಿರಿಯರಿಗೆ ಏನೋ ಒಂದು ಅಳುಕು ಇದ್ದಿರಬೇಕು. ನನಗೂ ಇದೆ.

ಕೈಯ ವಿಷಯ ಮೊದಲು ಹೇಳುತ್ತೇನೆ. ಸೋಮೇಶ್ವರ 1138ರಲ್ಲಿ ತೀರಿಕೊಂಡ. ಅವನು ತೀರಿಕೊಂಡು ಮೂವತ್ತು ವರ್ಷ ತುಂಬುವುದರೊಳಗೆ ಅದೇ ಕಲ್ಯಾಣದಲ್ಲಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣ ಮೊದಲಾದ ಶರಣರು ಕಾಯಕದ ಮಾತನ್ನು ಎತ್ತಿದ್ದರು. ಒಂದೇ ಊರು, ಒಂದು ತಲೆಮಾರಿನ ಅಂತರ. ಒಬ್ಬ ಅರಸ ಸಂತೋಷಪಡುವ ಬಗೆಗಳನ್ನು ಎಣಿಸಿ ಬರೆದಿಟ್ಟ. ಅವನ ಹಿಂದೆಯೇ ಬಂದವರು, ನೀನು ಉಣ್ಣುವುದು ಯಾರ ಬೆವರು ಎಂದು ಕೇಳಿದರು. ಮೇಲ್ನೋಟಕ್ಕೆ ಈ ಎರಡು ಕಲ್ಯಾಣಗಳು ಒಂದಕ್ಕೊಂದು ಎದುರು ನಿಂತಂತೆ ಕಾಣುತ್ತವೆ. ಅರಸನ ಕೃತಕ ಬೆಟ್ಟಕ್ಕೆ ಮಣ್ಣು ಹೊತ್ತವರು ಯಾರು, ಹುಲ್ಲಿಗೆ ನೀರು ಹಾಕಿದವರು ಯಾರು ಎಂಬುದನ್ನು ಆಟ ಮುಗಿದ ಮೇಲೆ ಯಾರು ನೆನೆಯುತ್ತಾರೆ? ಇಂದಿನ ಬಂಗಲೆಯ ಹುಲ್ಲನ್ನೂ ಮಾಲಿ ಕತ್ತರಿಸುತ್ತಾನೆ, ಅವನ ಮಕ್ಕಳು ಗೇಟಿನ ಹೊರಗೆ ಆಡುತ್ತವೆ. ಕುಟುಂಬದ ವಿನೋದವೆಂದು ನಾವು ಕರೆಯುವುದರಲ್ಲಿ ಇನ್ನೊಂದು ಕುಟುಂಬದ ದುಡಿಮೆ ಸೇರಿರುತ್ತದೆ, ವಿನೋದ ಸೇರಿರುವುದಿಲ್ಲ.

ಆದರೂ ಕಾಯಕವೂ ಆಟವೂ ವೈರಿಗಳೆಂದು ನಾನು ಒಪ್ಪಲಾರೆ. ಕಾಯಕದ ವಿಚಾರ ದೂರುವುದು ಬೇರೆಯವರ ದುಡಿಮೆಯನ್ನು ಕುಳಿತು ಉಣ್ಣುವುದನ್ನು. ತನ್ನ ಕೈಯಿಂದ ತಾನೇ ಮಾಡಿದ ಆಟವನ್ನು ಅದು ದೂರಲಾರದು. ಮಕ್ಕಳನ್ನು ನೋಡಿ, ಅವರಿಗೆ ಮಾಡುವುದೂ ಆಡುವುದೂ ಬೇರೆ ಬೇರೆಯಲ್ಲ. ನಾವು ಚಿಣಿಕೋಲು ಆಡಿದ್ದಕ್ಕಿಂತ ಚಿಣಿಯನ್ನು ಕೆತ್ತಲು ಕಳೆದ ಹೊತ್ತೇ ಹೆಚ್ಚು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳಿಗೆ ಒಂದು ದಿನದ ಬಾಳು. ಆದರೆ ಕೆರೆಯಿಂದ ಮಣ್ಣು ತಂದು, ನಾದಿ, ಕೊಂಬು ಮುರಿದು ಮತ್ತೆ ಹಚ್ಚಿ ಮಾಡುವ ಸಡಗರ ಎಷ್ಟು ಹೊತ್ತಿನದು! ಅಜ್ಜನೊಬ್ಬ ಕೂಲಿಯವರಿಂದ ಚಕ್ರವ್ಯೂಹ ಕತ್ತರಿಸಿಟ್ಟು ಮೊಮ್ಮಕ್ಕಳಿಗೆ “ಬರ್ರಿ, ಆಡ್ರಿ” ಎಂದರೆ ಅವರು ಹತ್ತು ನಿಮಿಷ ಆಡಿ ಮತ್ತೆ ಮೊಬೈಲಿಗೆ ಹೋಗುತ್ತಾರೆ. ಕೈಗೆ ಕುರುಚಿಗಿ ಕೊಟ್ಟು, ನೆಲ ಅಗೆಯಲು ಬಿಟ್ಟರೆ ಹೊತ್ತು ಹೋದದ್ದು ತಿಳಿಯದು. ಮನೆ ಕಟ್ಟುವವರು ತಂದು ಸುರಿದ ಮರಳಿನ ರಾಶಿಯನ್ನು ಯಾವ ತಜ್ಞನೂ ಮಕ್ಕಳಿಗಾಗಿ ಯೋಜಿಸಲಿಲ್ಲ. ಆದರೂ ಓಣಿಯ ಮಕ್ಕಳೆಲ್ಲ ಅಲ್ಲಿಗೇ ಸೇರುತ್ತಾರೆ. ವಾಲುಕಾಕ್ರೀಡೆಯೆಂಬ ಹೆಸರು ಅವರಿಗೆ ಗೊತ್ತಿಲ್ಲ, ಅಷ್ಟೆ.

ಇನ್ನು ನೀರು. ಇಲ್ಲಿ ಭಾವನೆಗಿಂತ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಓದುಗರು ಸೈರಿಸಬೇಕು. ಇಪ್ಪತ್ತು ಅಡಿ ಉದ್ದ ಇಪ್ಪತ್ತು ಅಡಿ ಅಗಲದ ಹುಲ್ಲುಹಾಸೆಂದರೆ ಸುಮಾರು 37 ಚದರ ಮೀಟರ್. ನಮ್ಮ ಕಡೆಯ ಬಿಸಿಲಿನಲ್ಲಿ ಹುಲ್ಲು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ 5 ಮಿಲಿಮೀಟರಿನಷ್ಟಾದರೂ ನೀರು ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಗುಣಿಸಿ ನೋಡಿದರೆ ದಿನಕ್ಕೆ 185 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಕೊಡಬೇಕೆಂದು ಗೊತ್ತುಮಾಡಿದ್ದು 55 ಲೀಟರ್. ಎಂದಮೇಲೆ ಆ ಪುಟ್ಟ ಹುಲ್ಲುಹಾಸು ಮೂರು ಜನರಿಗಿಂತ ಹೆಚ್ಚಿನ ಪಾಲನ್ನು ಕುಡಿಯುತ್ತದೆ. ಮನೆಯಲ್ಲಿ ಕಾಣದ ಮೂವರು ಅತಿಥಿಗಳು ಬಂದು, ಬೇಸಗೆ ಮುಗಿಯುವ ತನಕ ಎದ್ದುಹೋಗದೆ ಕೂತ ಹಾಗೆ. ಸ್ವಂತ ಕೊಳವೆಬಾವಿ ಇದೆಯಲ್ಲ ಎನ್ನಬಹುದು. ನೆಲದ ಮೇಲೆ ಗೋಡೆ ಕಟ್ಟಬಹುದು. ನೆಲದ ಕೆಳಗಿನ ನೀರಿಗೆ ಕಟ್ಟಲಾಗದು. ಒಬ್ಬನ ಹುಲ್ಲು ಹಸಿರಾದಾಗ ನೆರೆಯವನ ಬೋರು ಬತ್ತುವುದನ್ನು ಬಯಲುಸೀಮೆಯವರಾದ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಈ ಪ್ರಶ್ನೆ ಒಮ್ಮೆ ನ್ಯಾಯಾಲಯಕ್ಕೂ ಹೋಗಿತ್ತು. 2016ರ ಬರಗಾಲ ನೆನಪಿರಬಹುದು. ನಮ್ಮ ಗಡಿಯಾಚೆಯ ಲಾತೂರಿನಲ್ಲಿ ಕುಡಿಯುವ ನೀರು ಪೂರ್ತಿ ತೀರಿ, ಮುನ್ನೂರು ಕಿಲೋಮೀಟರಿಗೂ ದೂರದ ಮೀರಜಿನಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಐದು ಲಕ್ಷ ಲೀಟರ್ ಹೊತ್ತ ಮೊದಲನೆಯ ರೈಲು ಏಪ್ರಿಲ್ 12ರಂದು ಲಾತೂರು ಮುಟ್ಟಿತು. ಅದರ ಮರುದಿನವೇ ಮುಂಬಯಿ ಉಚ್ಚ ನ್ಯಾಯಾಲಯವು, ಏಪ್ರಿಲ್ 30ರ ಅನಂತರದ ಐ.ಪಿ.ಎಲ್. ಕ್ರಿಕೆಟ್ ಪಂದ್ಯಗಳನ್ನು ಮಹಾರಾಷ್ಟ್ರದ ಹೊರಗೆ ನಡೆಸಬೇಕೆಂದು ಆಜ್ಞೆಮಾಡಿತು. ಮೈದಾನದ ಹುಲ್ಲಿಗೆ ಕೊಳಚೆಯನ್ನು ಶುದ್ಧಮಾಡಿದ ನೀರನ್ನೇ ಹಾಕುತ್ತೇವೆಂದು ಕ್ರಿಕೆಟ್ ಮಂಡಳಿಯವರು ಹೇಳಿಕೊಂಡರೂ ನ್ಯಾಯಾಲಯದ ಮನಸ್ಸು ಕರಗಲಿಲ್ಲ. ಮುಂಬಯಿಯಲ್ಲಿ ಆಗಬೇಕಾಗಿದ್ದ ಕೊನೆಯ ಪಂದ್ಯ ಮೇ 29ರಂದು ನಮ್ಮ ಬೆಂಗಳೂರಿಗೆ ಬಂತು. ಕರ್ನಾಟಕದಲ್ಲಿ ಆ ವರ್ಷ ಬರವಿರಲಿಲ್ಲವೆ? ಇತ್ತು. ನಾವು ಸ್ವಾಗತಿಸಿದೆವು, ಟಿಕೆಟ್ಟು ಕೊಂಡೆವು, ಬೆಂಗಳೂರಿನ ತಂಡ ಸೋತದ್ದಕ್ಕೆ ಬೇಸರಪಟ್ಟೆವು.

ಆಗ ಎದ್ದ ಚರ್ಚೆಯಲ್ಲಿ ಒಂದು ವಾದ ನನಗೆ ಈಗಲೂ ಮುಖ್ಯವೆನಿಸುತ್ತದೆ. ಪಂದ್ಯ ನಿಲ್ಲಿಸಿದರೆ ಲಾತೂರಿಗೆ ನೀರು ಬರುವುದೆ? ಮುಂಬಯಿಯ ಮೈದಾನದ ನೀರಿಗೂ ಲಾತೂರಿನ ಕೊಡಕ್ಕೂ ಯಾವ ಕೊಳವೆಯ ಸಂಬಂಧವೂ ಇಲ್ಲ ಎಂಬ ವಾದ. ಲೆಕ್ಕದ ದೃಷ್ಟಿಯಿಂದ ಅದು ನಿಜ. ಆದರೆ ಮದುವೆಯ ಮನೆಯವರು ಎದುರುಮನೆಯಲ್ಲಿ ಸಾವಾದಾಗ ಓಲಗ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಸತ್ತವನು ಎದ್ದು ಬರುತ್ತಾನೆಂದು ಅಲ್ಲ. ಕೊಡ ಹೊತ್ತವರು ಸಾಲಾಗಿ ಹೋಗುವ ಹಾದಿಯ ಪಕ್ಕದಲ್ಲಿ ಕಾರಂಜಿ ಚಿಮ್ಮಿಸಿ ಹುಲ್ಲು ನೆನೆಸುವುದರಲ್ಲಿ, ವೆಚ್ಚವಾದ ಲೀಟರುಗಳಿಗಿಂತ ದೊಡ್ಡದೊಂದು ತಪ್ಪಿದೆ. ನಮ್ಮ ಮನೆಯ ನಗು ಯಾರ ಕಿವಿಗೆ ಬೀಳುತ್ತದೆ ಎಂಬುದೂ ನಗುವಿನ ಒಂದು ಭಾಗ.

ಹಾಗಾದರೆ ಹುಲ್ಲು ಬೇಡವೆಂದೆ? ಪ್ಲಾಸ್ಟಿಕ್ಕಿನ ಹುಲ್ಲು ಸಿಗುತ್ತದೆ, ನೀರೇ ಬೇಡ ಎಂದು ಒಬ್ಬ ಸಹೋದ್ಯೋಗಿಗಳು ಹೇಳಿದರು. ವೈಶಾಖದ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ನೋಡಿ ಎಂದಷ್ಟೇ ನಾನು ಹೇಳಿದೆ.

ನನ್ನ ಎಣಿಕೆಯಲ್ಲಿ ದೋಷ ಹುಲ್ಲಿನದಲ್ಲ, ಹನ್ನೆರಡು ತಿಂಗಳೂ ಅದು ಹಸಿರಾಗಿಯೇ ಇರಬೇಕೆಂಬ ಹಟದ್ದು. ಬೀದರ ಜಿಲ್ಲೆಗೆ ವರ್ಷಕ್ಕೆ 800 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರಲ್ಲಿ ಬಹುಭಾಗ ಮೃಗಶಿರದಿಂದ ಹಸ್ತದವರೆಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಕರಿಕೆಗೆ ಯಾರೂ ನೀರು ಹಾಕಬೇಕಾಗಿಲ್ಲ. ಹಾಸಿ ಎಂದು ಹೇಳಬೇಕಾಗಿಯೂ ಇಲ್ಲ. ದೀಪಾವಳಿಗೆ ಮಕ್ಕಳು ಬರುವ ಹೊತ್ತಿಗೆ ಇನ್ನೂ ಹಸಿರಿರುತ್ತದೆ. ಆಮೇಲೆ ಒಣಗಲಿ. ಒಣಗಿದ ಕರಿಕೆ ಸತ್ತಂತೆ ಕಾಣುತ್ತದೆ, ಸಾಯುವುದಿಲ್ಲ. ಒಕ್ಕಲಿಗನ ದೂರೇ ಅದಲ್ಲವೆ? ಮಾಘದಲ್ಲಿ ಅದು ಬೆಳದಿಂಗಳ ನೆಲ, ಚಾಪೆ ಹಾಸಿದರಾಯಿತು. ಬೇಸಗೆಯಲ್ಲಿ ಒಂದು ಮೂಲೆಗೆ ಮರಳು. ಸೋಮೇಶ್ವರನ ಪಟ್ಟಿಯನ್ನು ನಾನು ಈಗ ಓದುವುದು ಹಾಗೆ: ಅರಸನಿಗೆ ಇಪ್ಪತ್ತು ಆಟ ಬೇಕಾದದ್ದು ಒಂದೇ ಆಟದಿಂದ ವರ್ಷವನ್ನೆಲ್ಲ ತುಂಬಲಾಗದೆಂದು ಅವನಿಗೂ ಗೊತ್ತಿದ್ದುದರಿಂದ. ಇದು ಅವನ ಅಭಿಪ್ರಾಯವೋ ನನ್ನದೋ ಪಂಡಿತರು ನಿರ್ಣಯಿಸಲಿ.

ಭಾವನವರಿಗೆ ಇದೆಲ್ಲವನ್ನೂ ಇಷ್ಟು ಉದ್ದವಾಗಿ ಬರೆಯಲಿಲ್ಲ. ಫೋನಿನಲ್ಲಿ ಲೆಕ್ಕವನ್ನು ಮಾತ್ರ ಹೇಳಿದೆ. ನೂರ ಎಂಬತ್ತೈದು ಲೀಟರ್ ಎಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನರ್ಸರಿಯ ಹುಲ್ಲಿಗೆ ಕೊಟ್ಟ ಮುಂಗಡವನ್ನು ಬಿಟ್ಟುಕೊಟ್ಟರಂತೆ. ಹೊಲದ ಬದುವಿನಿಂದ ಕರಿಕೆಯ ಗೆಣ್ಣುಗಳನ್ನು ಚೀಲದಲ್ಲಿ ತುಂಬಿ ತಂದು ಮೊದಲ ಮಳೆಗೆ ಊರಿದ್ದಾರೆ. ಅದನ್ನು ನೋಡಿ ಅವರ ತಾಯಿ, ನಿನ್ನಪ್ಪ ಇದನ್ನ ಕಿತ್ತು ಕಿತ್ತು ಸತ್ತ, ನೀ ತಂದು ಹಚ್ಚಲತ್ತಿ ಎಂದು ಒಂದು ದಿನ ಪೂರ್ತಿ ನಕ್ಕಳೆಂದು ಅಕ್ಕ ಹೇಳಿದಳು. ಬಚ್ಚಲ ನೀರನ್ನು ಮತ್ತೆ ಹಿತ್ತಲಿಗೆ ತಿರುಗಿಸಿದ್ದಾರೆ. ಸಾಬೂನಿನ ನೀರಿಗೆ ಕರಿಕೆ ಹೆದರುವುದಿಲ್ಲ. ಚದುರಂಗದ ಚೌಕಗಳಿಗೆ ಹಳೆಯ ಮನೆಯ ಹಾಸುಗಲ್ಲುಗಳು ಬಂದಿವೆ. ಸಾಲ ಬಂದಷ್ಟು ಜಾಗದಲ್ಲಿ ಅರ್ಧ ಪಟ್ಟವೇ ಆಗಿದೆ. ಮಿಕ್ಕದ್ದನ್ನು ಮೊಮ್ಮಕ್ಕಳೇ ಬಂದು ಮುಗಿಸಲಿ ಎಂದು ಬಿಟ್ಟಿದ್ದಾರೆ.

ಒಂದು ವಿಷಯ ಮಾತ್ರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹಿತ್ತಲಿಗೆ ಹಿಂದಿನ ಓಣಿಯ ಕಡೆಯಿಂದ ಒಂದು ಸಣ್ಣ ಗೇಟು ಇದೆ. ಎಮ್ಮೆ ಇದ್ದ ಕಾಲದಲ್ಲಿ ಅಲ್ಲಿ ಗೇಟಿರಲಿಲ್ಲ, ಒಂದು ಗಳ ಅಡ್ಡ ಇರುತ್ತಿತ್ತು. ಓಣಿಯ ಮಕ್ಕಳು ಅದರ ಕೆಳಗೆ ನುಸುಳಿ ಬಂದು ಸೀತಾಫಲ ಕಿತ್ತು ಓಡುತ್ತಿದ್ದರು. ಹುಲ್ಲು ಹಸಿರಾದ ಮೇಲೆ ಅದೇ ಓಣಿಯ ಮಕ್ಕಳು ಈಗ ಗೇಟಿನ ಸರಳು ಹಿಡಿದು ನಿಂತು ನೋಡುತ್ತಾರಂತೆ. ಮನೆಯ ಮಕ್ಕಳಿಗೆಂದು ಮಾಡಿದ್ದು, ಮನೆಯ ಮಕ್ಕಳೋ ವರ್ಷಕ್ಕೆ ಇಪ್ಪತ್ತು ದಿನ ಇರುವವರು. ಬಿಟ್ಟರೆ ದೀಪಾವಳಿಗೆ ಹುಲ್ಲೇ ಉಳಿಯದು ಎಂದು ಅಕ್ಕ ಅನ್ನುತ್ತಾಳೆ. ಭಾವನವರು ಬೀಗ ತಂದಿದ್ದಾರೆ, ಹಾಕಿಲ್ಲ. ಮುದುಕಿ ತನ್ನ ಕಟ್ಟೆಯನ್ನು ಬಿಟ್ಟು, ಈಗೀಗ ಸಂಜೆ ಹೊತ್ತು ಆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳಂತೆ. ಕಾಯುವುದಕ್ಕೋ ತೆಗೆಯುವುದಕ್ಕೋ ಅಕ್ಕನಿಗೂ ತಿಳಿದಿಲ್ಲ.